ಮೂಗು ಸೋತಲ್ಲಿ ಕೆಲಸಕ್ಕೆ ಬರುವ ಎಳೆ

ಆಗಸ್ಟ್ ಬಂತೆಂದರೆ ಕಾರವಾರದ ಬೈತಖೋಲ ಬಂದರಿನಿಂದ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಜೂನ್, ಜುಲೈ ಎರಡೂ ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅಷ್ಟು ದಿನ ಬೋಟಿನೊಳಗೆ ಮೀನು ತುಂಬುವ ಕೋಣೆ ಮುಚ್ಚಿಯೇ ಇದ್ದರೆ, ತಳದಲ್ಲಿ ನಿಂತ ನೀರು, ಮೀನಿನ ಚೂರು ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಅದು. ಗಾಳಿಗಿಂತ ತುಸು ಭಾರ, ತಳದಲ್ಲೇ ಕೂರುತ್ತದೆ.

ವಾಸನೆ ಬಂದರೆ ಗೊತ್ತಾಗಲ್ವಾ? ಅಪಾಯ ಇರುವುದೇ ಅಲ್ಲಿ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇದು ಒಂದು ಪಾಲಿಗಿಂತ ಕಡಿಮೆ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. 100 ಪಾಲಿನ ಹತ್ತಿರ ಬಂದರೆ ಕೆಲವೇ ನಿಮಿಷಗಳಲ್ಲಿ ಮೂಗು ಮರಗಟ್ಟುತ್ತದೆ. ವಾಸನೆ ಹೋಯಿತು ಅಂದುಕೊಂಡು ಖಲಾಸಿ ಕೆಳಗಿಳಿಯುತ್ತಾನೆ. 500 ದಾಟಿದ್ದರೆ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಅವನನ್ನು ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ.

ತವರದ ಆಕ್ಸೈಡ್, ಸತುವಿನ ಆಕ್ಸೈಡ್‌ಗಳಿಗೆ ಹೀಗೆ ಮರಗಟ್ಟುವ ಗುಣವಿಲ್ಲ. ಅವುಗಳಿಂದ ಗ್ಯಾಸ್ ಸೆನ್ಸರ್ ಮಾಡುವುದು 1960ರ ದಶಕದಲ್ಲೇ ಜಪಾನಿನಲ್ಲಿ ಶುರುವಾಯಿತು. ಆಕ್ಸೈಡನ್ನು 300 ಡಿಗ್ರಿ ಆಸುಪಾಸು ಕಾಯಿಸಿದರೆ ಗಾಳಿಯ ಆಮ್ಲಜನಕ ಅದರ ಮೈಗೆ ಅಂಟಿ, ಎಲೆಕ್ಟ್ರಾನ್‌ಗಳನ್ನು ಕಸಿದುಕೊಳ್ಳುತ್ತದೆ. ಆಗ ಕರೆಂಟು ಹರಿಯುವುದು ಕಷ್ಟ. ವಿಷಾನಿಲ ಬಂದು ಆ ಆಮ್ಲಜನಕದ ಜೊತೆ ಸೇರಿಕೊಂಡರೆ ಎಲೆಕ್ಟ್ರಾನ್‌ಗಳು ವಾಪಸ್ ಬರುತ್ತವೆ, ಕರೆಂಟು ಸಲೀಸಾಗಿ ಓಡುತ್ತದೆ. ಅಲಾರಂ ಹೊಡೆಯಲು ಅಷ್ಟು ಸಾಕು.

ಇಷ್ಟೂ ನಡೆಯುವುದು ಮೈಮೇಲೆ. ಹಾಗಾಗಿ ಆಕ್ಸೈಡನ್ನು ತೆಳ್ಳಗಿನ ಎಳೆ ಮಾಡಿದರೆ ಅನಿಲ ತಾಗುವ ಮೈ ಹೆಚ್ಚಿ, ಲಾಭ ಜಾಸ್ತಿ. ಲೋಹದ ಲವಣವನ್ನು ಪಾಲಿಮರ್ ದ್ರಾವಣದಲ್ಲಿ ಕಲಸಿ ಸಿರಿಂಜಿಗೆ ತುಂಬುತ್ತಾರೆ. ಸೂಜಿಗೆ ಹತ್ತು ಹದಿನೈದು ಸಾವಿರ ವೋಲ್ಟ್ ಕೊಟ್ಟರೆ ತುದಿಯ ಹನಿ ಚೂಪಾಗಿ, ಒರಳಿನಿಂದ ಇಳಿಯುವ ಶ್ಯಾವಿಗೆಯಂತೆ ಎಳೆಯಾಗಿ ಹೊರಬರುತ್ತದೆ. ಹಾರುತ್ತಲೇ ಸುತ್ತಿ ಸುತ್ತಿ ಸಪೂರವಾಗುತ್ತದೆ. ಆಮೇಲೆ 500-600 ಡಿಗ್ರಿಯಲ್ಲಿ ಸುಟ್ಟರೆ ಪಾಲಿಮರ್ ಹೋಗಿ, ಕೂದಲಿಗಿಂತ ನೂರಾರು ಪಟ್ಟು ತೆಳುವಾದ, ಆಕ್ಸೈಡ್ ಕಣಗಳ ಎಳೆ ಉಳಿಯುತ್ತದೆ. ಇದಕ್ಕೆ ತಾಮ್ರದ ಆಕ್ಸೈಡ್ ಬೆರೆಸುವುದು ನನಗೆ ತುಂಬಾ ಹಿಡಿಸಿದ ಉಪಾಯ. ಹೈಡ್ರೋಜನ್ ಸಲ್ಫೈಡ್ ತಾಗಿದೊಡನೆ ಅದು ತಾಮ್ರದ ಸಲ್ಫೈಡ್ ಆಗಿ ಕರೆಂಟನ್ನು ಚೆನ್ನಾಗಿ ಬಿಡುತ್ತದೆ. ಶುದ್ಧ ಗಾಳಿಯಲ್ಲಿ ಕಾಯಿಸಿದರೆ ಮತ್ತೆ ಆಕ್ಸೈಡ್ ಆಗುತ್ತದೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ದೊಡ್ಡ ತೊಡಕು ತೇವ. ನೀರಿನ ಕಣಗಳು ಆಮ್ಲಜನಕದ ಜಾಗ ಹಿಡಿದು ಲೆಕ್ಕ ತಪ್ಪಿಸುತ್ತವೆ. ಹಾಗಾಗಿ ಒಣ ಲ್ಯಾಬಿನ ಅಂಕಿ ನಂಬಿ ಬೋಟಿಗೆ ಹಾಕಬಾರದು. ಕಾರವಾರದ ಜುಲೈ ಗಾಳಿಯಲ್ಲೇ ಪರೀಕ್ಷೆ ಆಗಲಿ. ಇನ್ನೊಂದು ವಿಷಯ: ಕೊಳೆಯುವಾಗ ಆ ಕೋಣೆಯ ಆಮ್ಲಜನಕವೂ ಖರ್ಚಾಗಿರುತ್ತದೆ. ಆಮ್ಲಜನಕ ಇಲ್ಲದಲ್ಲಿ ಈ ಎಳೆಯೂ ಸರಿಯಾಗಿ ಹೇಳಲಾರದು. ಆಳು ಇಳಿಯುವ ಮೊದಲು ಆಮ್ಲಜನಕ ಅಳೆಯುವ ಮೀಟರನ್ನೂ ಇದರ ಜೊತೆಗೆ ಹಗ್ಗ ಕಟ್ಟಿ ಇಳಿಸಬೇಕು.