ಚಾಕೊಲೇಟ್ ಜೊತೆ ಬೆರಿ ತಿಂದರೆ ಆಂಟಿಆಕ್ಸಿಡೆಂಟ್ ಡಬಲ್ ಆಗುತ್ತಾ?

ಪ್ರಶ್ನೆ: ಅಪ್ಪಾಜಿಗೆ ಬಿಪಿ ಇದೆ, ಶುಗರ್ ಬಾರ್ಡರ್‌ನಲ್ಲಿದೆ. ತಮ್ಮ ಬೆಂಗಳೂರಿನಿಂದ ಅಸಾಯಿ, ಗೋಜಿ ಬೆರಿ, ಬ್ಲೂಬೆರಿ ಹಾಕಿದ ಡಾರ್ಕ್ ಚಾಕೊಲೇಟ್ ತಂದಿದ್ದಾನೆ. ಹಣ್ಣಿನಲ್ಲೂ ಆಂಟಿಆಕ್ಸಿಡೆಂಟ್, ಚಾಕೊಲೇಟಿನಲ್ಲೂ ಆಂಟಿಆಕ್ಸಿಡೆಂಟ್. ಎರಡೂ ಸೇರಿದರೆ ಡಬಲ್ ಲಾಭ ಅಲ್ವಾ? ದಿನಾ ಕೊಡಬಹುದಾ?
– ಓದುಗರು, ದಾವಣಗೆರೆ

ಉತ್ತರ: ಹಣ್ಣಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಹೋದ ವರ್ಷವೂ ಬರೆದಿದ್ದೆ, ಮತ್ತೆ ಬರೆಯುತ್ತೇನೆ. ರುಚಿಗೆ ಅಂತ ಒಂದೆರಡು ತುಂಡು ಕೊಡಿ. ಔಷಧಿ ಅಂತ ದಿನಾ ಕೊಡಬೇಡಿ. ಬಿಪಿ ಮಾತ್ರೆಯನ್ನಂತೂ ಇದನ್ನು ನಂಬಿ ಬಿಡಿಸಲೇಬೇಡಿ.

ಈಗ ಆ 'ಡಬಲ್' ವಿಷಯಕ್ಕೆ ಬರೋಣ. ಆಂಟಿಆಕ್ಸಿಡೆಂಟ್ ಅಂದರೆ ಆಮ್ಲಜನಕದ ಕ್ರಿಯೆಯಿಂದ ಆಗುವ ಹಾನಿಯನ್ನು ತಡೆಯುವ ವಸ್ತು. ಆಂಟಿಆಕ್ಸಿಡೆಂಟ್ ಜಾಸ್ತಿ ತಿಂದಷ್ಟೂ ಮೈಗೆ ಒಳ್ಳೆಯದು ಅನ್ನುವ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಇದನ್ನು ನಂಬಿಸಲು ಸುಲಭದ ಒಂದು ಪ್ರಯೋಗ ತೋರಿಸುತ್ತಾರೆ. ಸೇಬು ಹೆಚ್ಚಿ ಇಟ್ಟರೆ ಕಂದಾಗುತ್ತದೆ, ನಿಂಬೆರಸ ಸವರಿದರೆ ಬೆಳ್ಳಗೇ ಉಳಿಯುತ್ತದೆ. 'ನೋಡಿ, ನಿಮ್ಮ ಜೀವಕೋಶಕ್ಕೂ ಹೀಗೇ ರಕ್ಷಣೆ' ಅನ್ನುತ್ತಾರೆ. ತಟ್ಟೆಯಲ್ಲಿ ನಡೆದದ್ದು ನಿಜ. ಆದರೆ ನಮ್ಮ ಹೊಟ್ಟೆ ತಟ್ಟೆಯಲ್ಲ.

ಪ್ಯಾಕೆಟ್ ಮೇಲಿನ ದೊಡ್ಡ ದೊಡ್ಡ ಅಂಕಿಗಳ ಮೂಲವೂ ಇಂಥದ್ದೇ. ಅದಕ್ಕೆ ಓರಾಕ್ ಅಂತ ಹೆಸರು. ಪ್ರನಾಳದಲ್ಲಿ ಹೊಳೆಯುವ ಬಣ್ಣವೊಂದು ಮಾಸದಂತೆ ಹಣ್ಣಿನ ರಸ ಎಷ್ಟು ಹೊತ್ತು ತಡೆಯುತ್ತದೆ ಅಂತ ನೋಡುವ ಅಳತೆ ಅದು. ಅಮೆರಿಕದ ಕೃಷಿ ಇಲಾಖೆ 2007ರಲ್ಲಿ ಈ ಅಂಕಿಗಳ ದೊಡ್ಡ ಪಟ್ಟಿಯನ್ನೇ ಹೊರತಂದಿತು, 2010ರಲ್ಲಿ ಇನ್ನಷ್ಟು ಸೇರಿಸಿತು. 2012ರಲ್ಲಿ ತಾನೇ ಅದನ್ನು ವಾಪಸ್ ತೆಗೆಯಿತು. ಪ್ರನಾಳದ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ಸಾಬೀತಾಗಿಲ್ಲ, ಕಂಪನಿಗಳು ಅದನ್ನು ಮಾರಾಟಕ್ಕೆ ದುರ್ಬಳಕೆ ಮಾಡುತ್ತಿವೆ ಅನ್ನುವುದೇ ಕಾರಣ. ಪಟ್ಟಿ ಹೋಗಿ ವರ್ಷಗಳಾದವು, ಅಂಕಿ ಮಾತ್ರ ಇನ್ನೂ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ.

ತಿಂದ ಮೇಲೆ ಏನಾಗುತ್ತದೆ? ಹಣ್ಣಿನಲ್ಲಿರುವ ಪಾಲಿಫಿನಾಲ್ ಅನ್ನುವ ಆಂಟಿಆಕ್ಸಿಡೆಂಟ್‌ಗಳಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಅದನ್ನೂ ಕರುಳು ಮತ್ತು ಲಿವರ್ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಸೇಬು ತಿಂದವರ ರಕ್ತ ಪರೀಕ್ಷಿಸಿದಾಗ ಆಂಟಿಆಕ್ಸಿಡೆಂಟ್ ಅಳತೆ ಏರಿದ್ದೇನೋ ನಿಜ. ಹುಡುಕಿ ನೋಡಿದರೆ, ಹಣ್ಣಿನ ಸಕ್ಕರೆಯಿಂದ ಯೂರಿಕ್ ಆಸಿಡ್ ಏರಿತ್ತು! ಗೌಟ್ ಅನ್ನುವ ಕೀಲುನೋವು ಇರುವವರು ಯಾವುದಕ್ಕೆ ಹೆದರುತ್ತಾರೋ ಅದೇ ಯೂರಿಕ್ ಆಸಿಡ್.

ಜಾಸ್ತಿಯಾದರೆ ತೊಂದರೆ ಏನು ಅಂತೀರಾ? ಫಿನ್ಲೆಂಡಿನಲ್ಲಿ 29,133 ಸಿಗರೇಟು ಸೇದುವ ಗಂಡಸರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಕೆಲವರಿಗೆ ದಿನಾ ಬೀಟಾ ಕೆರೋಟಿನ್ ಅನ್ನುವ ಆಂಟಿಆಕ್ಸಿಡೆಂಟಿನ ಮಾತ್ರೆ ಕೊಟ್ಟರು. ಕ್ಯಾನ್ಸರ್ ಕಡಿಮೆಯಾಗುತ್ತದೆ ಅಂತ ಕಾದಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಆ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು. ಹಣ್ಣು ತಿಂದರೆ ಹೀಗಾಗುತ್ತದೆ ಅಂತಲ್ಲ, ಅದು ಮಾತ್ರೆಯ ಕಥೆ. ಆದರೆ 'ಜಾಸ್ತಿ ಅಂದರೆ ಒಳ್ಳೆಯದು' ಅನ್ನುವ ಲೆಕ್ಕ ಅಲ್ಲಿಗೇ ಮುಗಿಯಿತು.

ನಮ್ಮ ಹಣ್ಣಿಗೂ ಇದೇ ನ್ಯಾಯ. ಹಿಂದೆ ಇದನ್ನೇ ಬರೆದಾಗ ಹೊಸದುರ್ಗದ ದಾಳಿಂಬೆ ಬೆಳೆಗಾರರೊಬ್ಬರು ಬೇಜಾರು ಮಾಡಿಕೊಂಡಿದ್ದರು. ದಾಳಿಂಬೆ ಒಳ್ಳೆಯ ಹಣ್ಣು, ನಾನೂ ತಿನ್ನುತ್ತೇನೆ. ಆದರೆ ದಾಳಿಂಬೆ ರಸದಿಂದ ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದು ಅಂತ ಜಾಹೀರಾತು ಕೊಟ್ಟ ಅಮೆರಿಕದ ಕಂಪನಿಯೊಂದರ ಮೇಲೆ 2010ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಕ್ರಮಕ್ಕೆ ಮುಂದಾಯಿತು. 2015ರಲ್ಲಿ ಕೋರ್ಟ್ ಕೂಡ ಆಯೋಗದ ಪರ ನಿಂತಿತು.

ಹಾಗಾದರೆ ಚಾಕೊಲೇಟಿನಿಂದ ಏನೂ ಇಲ್ವಾ? ಸ್ವಲ್ಪ ಇದೆ. ಕೋಕೋದಲ್ಲಿರುವ ಫ್ಲಾವನಾಲ್ ಅನ್ನುವ ಪಾಲಿಫಿನಾಲ್‌ಗಳು ರಕ್ತನಾಳ ಹಿಗ್ಗಲು ನೆರವಾಗುತ್ತವೆ. ಅದು ನಡೆಯುವುದು ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲದ ಮೂಲಕ, ಪ್ಯಾಕೆಟ್ ಹೇಳುವ ಆಂಟಿಆಕ್ಸಿಡೆಂಟ್ ದಾರಿಯಿಂದಲ್ಲ. 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ 500 ಮಿಲಿಗ್ರಾಂ ಫ್ಲಾವನಾಲ್ ಇದ್ದ ಕೋಕೋ ಸಾರ, ಚಾಕೊಲೇಟ್ ಅಲ್ಲ. ಅದರಲ್ಲೂ ಒಟ್ಟು ಹೃದಯದ ತೊಂದರೆಗಳು ಗಮನಾರ್ಹವಾಗಿ ಇಳಿಯಲಿಲ್ಲ. ಕಪ್ಪಗಿದ್ದರೆ ಒಳ್ಳೆಯದು ಅಂತಲೂ ಅಲ್ಲ. ಕ್ಷಾರ ಹಾಕಿ ಸಂಸ್ಕರಿಸಿದರೆ ಕೋಕೋ ಇನ್ನೂ ಕಪ್ಪಾಗುತ್ತದೆ, ಫ್ಲಾವನಾಲ್ ಕಳೆದುಹೋಗುತ್ತದೆ.

ಅಪ್ಪಾಜಿಗೆ ನೋಡಬೇಕಾದ್ದು ಸಕ್ಕರೆ. ಶೇ. 50 ಕೋಕೋ ಅಂತ ಬರೆದ 40 ಗ್ರಾಂ ಬಾರಿನಲ್ಲಿ ಸುಮಾರು ನಾಲ್ಕೈದು ಚಮಚ ಸಕ್ಕರೆ ಇರುತ್ತದೆ. ಪ್ಯಾಕೆಟ್ ತಿರುಗಿಸಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ತೂಕದ್ದು ಮೊದಲು ಬರುತ್ತದೆ. ಸಕ್ಕರೆ ಮೊದಲಿದ್ದು ಬೆರಿಯ ಹೆಸರು ಕೊನೆಯಲ್ಲಿದ್ದರೆ ನಿಮಗೇ ಗೊತ್ತಾಗುತ್ತದೆ. ಎಷ್ಟೋ ಸಲ ಒಳಗಿರುವುದು ಇಡೀ ಹಣ್ಣೂ ಅಲ್ಲ, ಗಟ್ಟಿ ಮಾಡಿದ ರಸ.

ಅದರ ಬದಲು ಪೇರಲ ತನ್ನಿ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂ ಆಸುಪಾಸು ವಿಟಮಿನ್ ಸಿ ಇದೆ, ಬ್ಲೂಬೆರಿಯಲ್ಲಿ 10ರಷ್ಟು. ನಾರೂ ಸಿಗುತ್ತದೆ. ಜೂನ್‌ನಲ್ಲಿ ನೇರಳೆ ತಿಂದಾಗ ನಾಲಿಗೆ ಬಣ್ಣ ಆಗುತ್ತದಲ್ಲ, ಬ್ಲೂಬೆರಿಗೆ ಬಣ್ಣ ಕೊಡುವುದೂ ಅದೇ ಆಂಥೋಸಯನಿನ್ ಗುಂಪು.

ನೀವು ಕೇಳಿಲ್ಲ, ಆದರೂ ಇದೊಂದು ಹೇಳಿಬಿಡುತ್ತೇನೆ. ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಚಾಕೊಲೇಟ್ ಮೇಲೆ ಬೆಳ್ಳಗೆ ಪದರ ಕೂರುತ್ತದೆ. ಬೂಷ್ಟು ಅಂತ ಎಸೆಯುತ್ತಾರೆ. ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲಿ ಕರಗಿ, ತಣ್ಣಗಾದಾಗ ಮೇಲೆ ಬಂದು ಹೆಪ್ಪುಗಟ್ಟುತ್ತದೆ, ಅಷ್ಟೇ. ಬೆರಳಿನಿಂದ ಉಜ್ಜಿ ನೋಡಿ. ಕರಗಿ ಹೋದರೆ ಕೊಬ್ಬು. ಮರಳಿನ ಹಾಗೆ ತರಿತರಿ ಅನ್ನಿಸಿದರೆ, ಫ್ರಿಜ್‌ನ ತೇವಕ್ಕೆ ಕರಗಿ ಒಣಗಿದ ಸಕ್ಕರೆ. ಎರಡನ್ನೂ ತಿನ್ನಬಹುದು. ನೂಲುನೂಲಾಗಿ ಎದ್ದಿದ್ದರೆ ಮಾತ್ರ ಬೂಷ್ಟು, ಎಸೆಯಿರಿ. ಗಾಳಿ ಆಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಹೊರಗೆ ತೆಗೆದ ಮೇಲೆ ಅರ್ಧ ಗಂಟೆ ಮುಚ್ಚಳ ಬಿಚ್ಚಬೇಡಿ.