ಅಮ್ಮನಿಗೆ ಕಳಿಸಿದ ದುಡ್ಡು, ಬ್ಯಾಂಕಿನಲ್ಲಿಟ್ಟ ದುಡ್ಡು: ಪಾವತಿ ಶಿಲ್ಕಿನ ಟಿಪ್ಪಣಿ

ಎರಡು ವಾರದಿಂದ ಭಾರತದ ಪಾವತಿ ಶಿಲ್ಕಿನ ಕೋಷ್ಟಕ ಬಿಡಿಸಿಕೊಂಡು ಕೂತಿದ್ದೆ. ಬ್ಯಾಲೆನ್ಸ್ ಆಫ್ ಪೇಮೆಂಟ್ಸ್ ಅಂತಾರಲ್ಲ, ಅದೇ: ಹೊರದೇಶಗಳ ಜೊತೆ ದೇಶ ಮಾಡಿದ ಎಲ್ಲ ವ್ಯವಹಾರದ ಲೆಕ್ಕ. ಒಂದು ಕಡೆ ಗಂಟು ಬಿದ್ದಿತ್ತು. ನಿನ್ನೆ ರಾತ್ರಿ ಅದು ಬಿಚ್ಚಿಕೊಂಡಿತು. ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ಪರೀಕ್ಷೆಗೆ ಓದುತ್ತಿರುವವರಿಗೂ, ಸುಮ್ನೆ ಕುತೂಹಲ ಇರುವವರಿಗೂ ಉಪಯೋಗ ಆಗಬಹುದು.

ಆಮದು, ರಫ್ತು, ವ್ಯಾಪಾರ ಕೊರತೆ ಅಂದರೆ ಏನು ಅಂತ ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತು. ನೇರವಾಗಿ ಅಂಕಿಗೆ ಹೋಗೋಣ.

240 ಹೇಗೆ 25 ಆಯಿತು

2023-24ರಲ್ಲಿ ಭಾರತ ರಫ್ತು ಮಾಡಿದ ಸರಕಿನ ಬೆಲೆ ಸುಮಾರು 437 ಬಿಲಿಯನ್ ಡಾಲರ್. ಆಮದು ಸುಮಾರು 678 ಬಿಲಿಯನ್. ಅಂದರೆ ಸುಮಾರು 240 ಬಿಲಿಯನ್ ಡಾಲರ್ ಕೊರತೆ. ಪತ್ರಿಕೆಯಲ್ಲಿ ಪ್ರತಿ ತಿಂಗಳು ಬರುವ ‘ವ್ಯಾಪಾರ ಕೊರತೆ’ ಸುದ್ದಿ ಇದರದ್ದೇ. ಆದರೆ ಅದೇ ವರ್ಷದ ಚಾಲ್ತಿ ಖಾತೆ (ಸರಕು, ಸೇವೆ, ಮನೆಗೆ ಕಳಿಸಿದ ಹಣ, ಬಡ್ಡಿ, ಲಾಭಾಂಶ ಎಲ್ಲ ಸೇರಿದ ಲೆಕ್ಕ) ಕೊರತೆ ಸುಮಾರು 25 ಬಿಲಿಯನ್ ಮಾತ್ರ. ಜಿಡಿಪಿಯ ಶೇ 1ಕ್ಕಿಂತ ಕಡಿಮೆ. ನಡುವೆ ಇದ್ದ 215 ಬಿಲಿಯನ್ ಎಲ್ಲಿ ಹೋಯಿತು?

ಲೆಕ್ಕ ಹೀಗಿದೆ. ಎಲ್ಲವೂ ಸುಮಾರು ಅಂಕಿ, ಬಿಲಿಯನ್ ಡಾಲರಿನಲ್ಲಿ. ಸರಕಿನಲ್ಲಿ 240 ಹೋಯಿತು. ಸೇವೆಗಳಲ್ಲಿ ಖರ್ಚು ಕಳೆದು 160 ಬಂತು. ಹೊರದೇಶದಲ್ಲಿರುವ ನಮ್ಮವರು ಕಳಿಸಿದ ಹಣದಿಂದ, ಇಲ್ಲಿಂದ ಹೋದದ್ದು ಕಳೆದು, 105 ಬಂತು. ಬಡ್ಡಿ, ಲಾಭಾಂಶ ಅಂತ 50 ಹೊರಗೆ ಹೋಯಿತು. 160 ಮತ್ತು 105 ಕೂಡಿಸಿ, 240 ಮತ್ತು 50 ಕಳೆಯಿರಿ. ಉಳಿಯುವ ಕೊರತೆ 25.

ಈ ಲೆಕ್ಕ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಬಂದರಿನಲ್ಲಿ ಕಾಣುವ ವ್ಯಾಪಾರದಲ್ಲಿ ಆದ ಕೊರತೆಯ ಬಹುಪಾಲನ್ನು ಕಣ್ಣಿಗೆ ಕಾಣದ ಎರಡು ಸಾಲುಗಳು ತುಂಬಿಸುತ್ತಿವೆ. ಒಂದು, ಬೆಂಗಳೂರು, ಹೈದರಾಬಾದ್, ಪುಣೆಯಂಥ ಊರುಗಳಲ್ಲಿ ಕೂತು ಮಾಡುವ ಕೆಲಸ. ಇನ್ನೊಂದು, ದುಬೈ, ದೋಹಾ, ನ್ಯೂಜೆರ್ಸಿಯಿಂದ ಮನೆಗೆ ಬರುವ ದುಡ್ಡು.

ನಾನು ಸಿಕ್ಕಿಬಿದ್ದ ಜಾಗ

ಈ ಎರಡನೇ ಸಾಲಿನಲ್ಲೇ ನಾನು ಸಿಕ್ಕಿಬಿದ್ದದ್ದು. ಪುಸ್ತಕದಲ್ಲಿ ಒಂದು ಕಡೆ ‘ಅನಿವಾಸಿ ಭಾರತೀಯರು ಕಳಿಸುವ ಹಣ ಚಾಲ್ತಿ ಖಾತೆಗೆ ಸೇರುತ್ತದೆ’ ಅಂತಿದೆ. ನಾಲ್ಕು ಪುಟ ಆದಮೇಲೆ ‘ಅನಿವಾಸಿ ಭಾರತೀಯರ ಠೇವಣಿ ಬಂಡವಾಳ ಖಾತೆಗೆ ಸೇರುತ್ತದೆ’ ಅಂತಿದೆ. ಬಂಡವಾಳ ಖಾತೆ ಅಂದರೆ ಸಾಲ, ಠೇವಣಿ, ಹೂಡಿಕೆಯ ಲೆಕ್ಕ. ಕಳಿಸುವವರು ಅದೇ ಜನ. ಬರುವುದು ಅದೇ ಡಾಲರ್. ಎಷ್ಟೋ ಸಲ ಅದೇ ಬ್ಯಾಂಕು. ಹಾಗಿದ್ದರೆ ಒಂದು ಇಲ್ಲಿ, ಇನ್ನೊಂದು ಅಲ್ಲಿ ಯಾಕೆ?

ಒಂದು ಉದಾಹರಣೆ ಹಿಡಿದು ನಿಧಾನವಾಗಿ ಹೋಗೋಣ. ಉಡುಪಿ ಕಡೆಯ ಒಬ್ಬರು ದುಬೈಯಲ್ಲಿ ಕೆಲಸ ಮಾಡುತ್ತಿದ್ದಾರೆ ಅಂದುಕೊಳ್ಳಿ. ಈ ತಿಂಗಳು ಅವರ ಕೈಯಲ್ಲಿ 2,000 ಡಾಲರ್ ಉಳಿದಿದೆ. 1,000 ಡಾಲರನ್ನು ಮನೆಖರ್ಚಿಗೆ ಅಂತ ಅಮ್ಮನ ಖಾತೆಗೆ ಹಾಕುತ್ತಾರೆ. ಇನ್ನೊಂದು 1,000 ಡಾಲರನ್ನು ತಮ್ಮದೇ ಹೆಸರಿನ ಎನ್‌ಆರ್‌ಇ ಖಾತೆಯಲ್ಲಿ (ಅನಿವಾಸಿಗಳು ಹೊರದೇಶದ ಗಳಿಕೆಯನ್ನು ಭಾರತದ ಬ್ಯಾಂಕಿನಲ್ಲಿ ರೂಪಾಯಿಯಾಗಿ ಇಡುವ ಖಾತೆ) ಇಡುತ್ತಾರೆ.

ಅಮ್ಮನಿಗೆ ಕೊಟ್ಟ ದುಡ್ಡು ಅಮ್ಮನದ್ದಾಯಿತು. ದುಬೈಯಲ್ಲಿರುವ ಯಾರಿಗೂ ಭಾರತ ಅದನ್ನು ವಾಪಸ್ ಕೊಡಬೇಕಾಗಿಲ್ಲ. ಕೊಟ್ಟದ್ದು ಕೊಟ್ಟಂತೆ. ಇದು ವರ್ಗಾವಣೆ, ಚಾಲ್ತಿ ಖಾತೆಯ ಜಮೆ.

ಎನ್‌ಆರ್‌ಇ ಖಾತೆಯ ದುಡ್ಡು ಬೇರೆ ಥರ. ಅದು ಭಾರತದ ಬ್ಯಾಂಕಿನಲ್ಲಿದೆ ನಿಜ, ರೂಪಾಯಿಗೆ ಬದಲಾಗಿದೆ ನಿಜ. ಆದರೆ ಅದರ ಒಡೆಯ ದುಬೈಯಲ್ಲಿ ವಾಸವಾಗಿರುವವರು. ನಾಳೆ ‘ನನ್ನ ದುಡ್ಡು ನನಗೆ ಕೊಡಿ’ ಅಂದರೆ ಬ್ಯಾಂಕು ಅದನ್ನು ಮತ್ತೆ ಡಾಲರ್ ಮಾಡಿ ಕಳಿಸಬೇಕು. ಅಂದರೆ ಭಾರತದ ಮೇಲೆ ಒಂದು ಸಾಲ ಹುಟ್ಟಿತು. ಇದು ಬಂಡವಾಳ ಖಾತೆಯ ಜಮೆ.

ಇಲ್ಲಿಯವರೆಗೆ ಅರ್ಥ ಆಗಿತ್ತು. ಎಡವಿದ್ದು ಮುಂದಿನ ಹೆಜ್ಜೆಯಲ್ಲಿ.

ಆರು ತಿಂಗಳು ಕಳೆಯಿತು. ಮಗ ಊರಿಗೆ ಬಂದರು. ಮನೆಯ ಮಾಡು ರಿಪೇರಿಗೆ ಅಂತ ಆ ಎನ್‌ಆರ್‌ಇ ಖಾತೆಯಿಂದ ರೂಪಾಯಿ ತೆಗೆದು ಕೊಟ್ಟರು. ಆ ದಿನ ದೇಶದೊಳಗೆ ಒಂದು ಡಾಲರೂ ಬಂದಿಲ್ಲ, ಒಂದು ಡಾಲರೂ ಹೋಗಿಲ್ಲ. ಆದರೂ ಆರ್‌ಬಿಐ ಇದನ್ನು ‘ಖಾಸಗಿ ವರ್ಗಾವಣೆ’ ಅಂತ ಚಾಲ್ತಿ ಖಾತೆಗೆ ಜಮೆ ಮಾಡುತ್ತದೆ! ಇದನ್ನು ಓದಿ ನನಗೆ ತಲೆಬುಡ ತಿಳಿಯಲಿಲ್ಲ. ಡಾಲರೇ ಬರದೆ ಜಮೆ ಎಲ್ಲಿಂದ ಬಂತು?

ಉತ್ತರ ಇಷ್ಟೇ. ಅವತ್ತು ಎರಡು ನಮೂದು ಆಗುತ್ತವೆ. ಖಾತೆಯಲ್ಲಿದ್ದ ದುಡ್ಡು ಕಡಿಮೆಯಾಯಿತು. ಹಾಗಾಗಿ ದುಬೈಯಲ್ಲಿರುವವರಿಗೆ ನಾವು ಕೊಡಬೇಕಾದ ಸಾಲ ಅಷ್ಟು ತೀರಿತು. ಇದು ಬಂಡವಾಳ ಖಾತೆಯಲ್ಲಿ ಖರ್ಚು. ಆ ಸಾಲವನ್ನು ನಾವು ಡಾಲರ್ ಕೊಟ್ಟು ತೀರಿಸಲಿಲ್ಲ. ಒಡೆಯರೇ ಅದನ್ನು ಊರಿಗೆ ಬಿಟ್ಟುಕೊಟ್ಟರು. ಹೀಗೆ ಬಿಟ್ಟುಕೊಟ್ಟದ್ದು ಚಾಲ್ತಿ ಖಾತೆಯಲ್ಲಿ ಜಮೆ. ಒಂದು ಕಡೆ ಕಳೆದು, ಇನ್ನೊಂದು ಕಡೆ ಕೂಡಿದೆ. ಒಟ್ಟು ಸೊನ್ನೆ. ಡಾಲರ್ ಆರು ತಿಂಗಳ ಹಿಂದೆಯೇ ಬಂದಿತ್ತು. ಇವತ್ತು ಬದಲಾದದ್ದು ಅದರ ಹೆಸರು ಮಾತ್ರ. ನಿನ್ನೆಯವರೆಗೆ ‘ಸಾಲ’ ಆಗಿತ್ತು, ಇವತ್ತು ‘ಕೊಟ್ಟದ್ದು’ ಆಯಿತು.

ಇದನ್ನು ಕಾಗದದ ಮೇಲೆ ಎರಡು ಸಾಲಾಗಿ ಬರೆದು ನೋಡಿ. ಓದಿದರೆ ಸಾಲದು, ಬರೆಯಲೇಬೇಕು. ನನಗೆ ಮೂರನೇ ಸಲ ಬರೆದಾಗ ಹೊಳೆಯಿತು.

ಇದೇ ಎಳೆಯಲ್ಲಿ ಇನ್ನೆರಡು ಮಾತು. ಎನ್‌ಆರ್‌ಇ ಠೇವಣಿಗೆ ಬ್ಯಾಂಕು ಬಡ್ಡಿ ಕೊಡುತ್ತದಲ್ಲ, ಆ ಬಡ್ಡಿ ಚಾಲ್ತಿ ಖಾತೆಯ ಖರ್ಚು. ಅಸಲು ಒಂದು ಖಾತೆ, ಬಡ್ಡಿ ಇನ್ನೊಂದು ಖಾತೆ. ಮತ್ತೆ ಎಫ್‌ಸಿಎನ್‌ಆರ್ ಅಂತ ಇನ್ನೊಂದು ಬಗೆಯ ಠೇವಣಿ ಇದೆ. ಅದು ರೂಪಾಯಿಗೆ ಬದಲಾಗದೆ ಡಾಲರ್, ಪೌಂಡ್ ಲೆಕ್ಕದಲ್ಲೇ ಇರುತ್ತದೆ. ಈ ಹೆಸರು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬರುತ್ತದೆ.

ನಾನು ಬಳಸುವ ಒಂದೇ ಪ್ರಶ್ನೆ

ಮೊದಲು ‘ವಾಪಸ್ ಕೊಡಬೇಕಾ?’ ಅಂತ ಕೇಳಿಕೊಳ್ಳುತ್ತಿದ್ದೆ. ವಿದೇಶಿ ನೇರ ಹೂಡಿಕೆಯ ಹತ್ತಿರ ಅದು ಕೈಕೊಟ್ಟಿತು. ಹೊರದೇಶದ ಕಂಪನಿ ಇಲ್ಲಿ ಕಾರ್ಖಾನೆ ಹಾಕಿದರೆ ಆ ಹಣವನ್ನು ವಾಪಸ್ ಕೊಡುವ ಗಡುವು ಇರುವುದಿಲ್ಲ. ಆದರೂ ಅದು ಬಂಡವಾಳ ಖಾತೆಯೇ. ಹಾಗಾಗಿ ಪ್ರಶ್ನೆ ತಿದ್ದಿಕೊಂಡೆ: ಈ ವ್ಯವಹಾರದಿಂದ ಒಬ್ಬರಿಗೆ ಇನ್ನೊಬ್ಬರ ಮೇಲೆ ಹೊಸ ಹಕ್ಕು ಹುಟ್ಟಿತಾ, ಅಥವಾ ಹಳೆಯ ಹಕ್ಕು ತೀರಿತಾ? ಹೌದಾದರೆ ಬಂಡವಾಳ ಖಾತೆ. ಇಲ್ಲವಾದರೆ ಚಾಲ್ತಿ ಖಾತೆ. ಸಾಲವೂ ಹಕ್ಕು, ಒಡೆತನವೂ ಹಕ್ಕು.

ಈಗ ಬೇಗ ಬೇಗ ನೋಡಿ. ಕಾರ್ಖಾನೆಗೆ ಬಂದ ಹೂಡಿಕೆ: ಒಡೆತನದ ಹಕ್ಕು ಹುಟ್ಟಿತು, ಬಂಡವಾಳ. ಅದೇ ಕಾರ್ಖಾನೆಯ ಲಾಭಾಂಶ ಹೊರಗೆ ಹೋಯಿತು: ಹಕ್ಕು ಹಾಗೇ ಇದೆ, ಅದರ ಫಲ ಮಾತ್ರ ಹೋಯಿತು, ಚಾಲ್ತಿ. ಮರ ಮತ್ತು ಹಣ್ಣು ಅಂದುಕೊಳ್ಳಿ. ಹಂಪಿ ನೋಡಲು ಬಂದ ಫ್ರಾನ್ಸಿನವರು ಹೋಟೆಲಿಗೆ ಕೊಟ್ಟದ್ದು: ಸೇವೆಯ ರಫ್ತು, ಚಾಲ್ತಿ. ನಮ್ಮ ಹುಡುಗಿ ಆಸ್ಟ್ರೇಲಿಯಾದಲ್ಲಿ ಓದಲು ಕಟ್ಟಿದ ಫೀಸು: ಸೇವೆಯ ಆಮದು, ಅದೂ ಚಾಲ್ತಿ.

ಸಾಫ್ಟ್‌ವೇರ್ ಎಂಜಿನಿಯರ್ ವಿಷಯ ಸ್ವಲ್ಪ ಸೂಕ್ಷ್ಮ. ಬೆಂಗಳೂರಿನಲ್ಲೇ ಕೂತು ಅಮೆರಿಕದ ಗಿರಾಕಿಗೆ ಕೋಡ್ ಬರೆದರೆ ಸೇವೆಯ ರಫ್ತು. ನಾಲ್ಕು ತಿಂಗಳಿಗೆ ಅಂತ ಹೋಗಿ ಅಲ್ಲಿನ ಕಂಪನಿಯಿಂದಲೇ ಸಂಬಳ ಪಡೆದರೆ ಅವರು ಇನ್ನೂ ಭಾರತದ ನಿವಾಸಿ. ಆ ಸಂಬಳ ಬಡ್ಡಿ, ಲಾಭಾಂಶದ ಸಾಲಿಗೆ ಹೋಗುತ್ತದೆ. ಅಲ್ಲೇ ನೆಲೆಸಿದರೆ ಅವರ ಸಂಬಳ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಮನೆಗೆ ಕಳಿಸಿದ್ದು ಮಾತ್ರ ವರ್ಗಾವಣೆಯಾಗಿ ಬರುತ್ತದೆ. ಅದೇ ಮನುಷ್ಯ, ಅದೇ ಕೀಲಿಮಣೆ, ಸಾಲು ಮಾತ್ರ ಮೂರು. ಇಲ್ಲಿ ಪಾಸ್‌ಪೋರ್ಟ್ ಲೆಕ್ಕಕ್ಕಿಲ್ಲ, ವಾಸ ಎಲ್ಲಿ ಅನ್ನುವುದಷ್ಟೇ ಮುಖ್ಯ.

ಈ ವ್ಯತ್ಯಾಸಕ್ಕೆ ಯಾಕೆ ಇಷ್ಟು ಬೆಲೆ: 1991

ಸಾಲ ಯಾವುದು, ಕೊಟ್ಟದ್ದು ಯಾವುದು ಅನ್ನುವುದು ಬರೀ ಲೆಕ್ಕಿಗರ ತಲೆನೋವು ಅಂತ ನಾನೂ ಅಂದುಕೊಂಡಿದ್ದೆ. 1991ರ ಕಥೆ ಓದಿದ ಮೇಲೆ ಹಾಗನ್ನಿಸಲಿಲ್ಲ.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ಕಚ್ಚಾ ತೈಲದ ಬೆಲೆ ಏರಿತು, ನಮ್ಮ ಆಮದು ಬಿಲ್ ಉಬ್ಬಿತು. ಅಲ್ಲಿದ್ದ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಅವರು ಮನೆಗೆ ಕಳಿಸುತ್ತಿದ್ದ ಹಣ ನಿಂತಿತು. ಇವೆರಡೂ ಚಾಲ್ತಿ ಖಾತೆಗೆ ಬಿದ್ದ ಪೆಟ್ಟು. ಆಮೇಲೆ ಬಿದ್ದದ್ದು ಬಂಡವಾಳ ಖಾತೆಯ ಪೆಟ್ಟು. ಭಾರತದ ಸ್ಥಿತಿ ನೋಡಿ ಹೆದರಿದ ಅನಿವಾಸಿಗಳು ಠೇವಣಿ ವಾಪಸ್ ತೆಗೆಯತೊಡಗಿದರು. ಹಿಂದಿನ ವರ್ಷಗಳಲ್ಲಿ ಅಮ್ಮಂದಿರಿಗೆ ಬಂದಿದ್ದ ಹಣವನ್ನು ಯಾರೂ ವಾಪಸ್ ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಠೇವಣಿಯನ್ನು ಕೇಳಿದರು, ಕೊಡಬೇಕಾಯಿತು.

1991ರ ಬೇಸಿಗೆಯ ಹೊತ್ತಿಗೆ ದೇಶದ ವಿದೇಶಿ ವಿನಿಮಯ ಮೀಸಲಿನಲ್ಲಿ ಉಳಿದದ್ದು ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್. ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಮತ್ತೆ ಕೊಳ್ಳುವ ಷರತ್ತಿನ ಮೇಲೆ ಸ್ವಿಟ್ಜರ್‌ಲೆಂಡಿಗೆ ಮಾರಿದರು. ಜುಲೈಯಲ್ಲಿ ಇನ್ನೂ ಸುಮಾರು 47 ಟನ್ ಅಡವಿಟ್ಟು 400 ಮಿಲಿಯನ್ ಡಾಲರ್‌ನಷ್ಟು ಸಾಲ ತಂದರು. ಅದೇ ತಿಂಗಳ ಮೊದಲ ದಿನಗಳಲ್ಲಿ ಎರಡು ಸಲ ರೂಪಾಯಿಯ ಬೆಲೆ ಇಳಿಸಿದರು. ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಮನೆಯ ಚಿನ್ನ ಅಡವಿಡುವ ಹೊತ್ತಿನ ಸಂಕಟ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗೊತ್ತು. ಅದೇ ಕೆಲಸವನ್ನು ಒಂದು ದೇಶ ಮಾಡಬೇಕಾಯಿತು ಅನ್ನುವುದನ್ನು ಓದುವಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

2013: ಅದೇ ಠೇವಣಿ, ಈ ಸಲ ಔಷಧಿಯಾಗಿ

2012-13ರಲ್ಲಿ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 4.8. 1990-91ರಲ್ಲಿ ಅದು ಶೇ 3ರ ಆಸುಪಾಸಿನಲ್ಲಿತ್ತು. ಅಂದರೆ ಈ ಸಲದ ಕೊರತೆಯೇ ಜಾಸ್ತಿ, ಅಲ್ವಾ? ಆದರೂ ಚಿನ್ನ ಅಡವಿಡುವ ಪರಿಸ್ಥಿತಿ ಬರಲಿಲ್ಲ, ಯಾಕೆಂದರೆ ಮೀಸಲು 250 ಬಿಲಿಯನ್ ಡಾಲರಿಗೂ ಮೇಲಿತ್ತು. ಆದರೆ ರೂಪಾಯಿ ಕುಸಿಯಿತು. 2013ರ ಆಗಸ್ಟ್ ಕೊನೆಯಲ್ಲಿ ಒಂದು ಡಾಲರ್ 68 ರೂಪಾಯಿ ದಾಟಿತು.

ಸೆಪ್ಟೆಂಬರ್‌ನಲ್ಲಿ ರಘುರಾಮ್ ರಾಜನ್ ಆರ್‌ಬಿಐ ಗವರ್ನರ್ ಆದರು. ಆಗ ಎಫ್‌ಸಿಎನ್‌ಆರ್ ಠೇವಣಿಗೆ ಒಂದು ವಿಶೇಷ ಯೋಜನೆ ತಂದರು. ಬ್ಯಾಂಕುಗಳು ಕನಿಷ್ಠ 3 ವರ್ಷದ ಡಾಲರ್ ಠೇವಣಿ ತಂದು ಆರ್‌ಬಿಐಗೆ ಕೊಡಬೇಕು. ಅವಧಿ ಮುಗಿದಾಗ ಆರ್‌ಬಿಐ ಡಾಲರ್ ವಾಪಸ್ ಕೊಡುತ್ತದೆ. ರೂಪಾಯಿ ಎಷ್ಟೇ ಬಿದ್ದಿರಲಿ, ಈ ಭರವಸೆಗೆ ಬ್ಯಾಂಕು ಆರ್‌ಬಿಐಗೆ ಕೊಡಬೇಕಾದದ್ದು ವರ್ಷಕ್ಕೆ ಶೇ 3.5 ಮಾತ್ರ. ಕೆಲವೇ ತಿಂಗಳಲ್ಲಿ ಸುಮಾರು 26 ಬಿಲಿಯನ್ ಡಾಲರ್ ಬಂತು.

ನಮ್ಮ ಪ್ರಶ್ನೆ ಇಲ್ಲಿಗೂ ಹಾಕಿ. ಹಕ್ಕು ಹುಟ್ಟಿತಾ? ಹುಟ್ಟಿತು. ಹಾಗಾಗಿ 2016ರ ಕೊನೆಯ ತಿಂಗಳುಗಳಲ್ಲಿ ಆ ಡಾಲರನ್ನೆಲ್ಲ ತಿರುಗಿಸಿ ಕೊಡಬೇಕಾಯಿತು. ಆರ್‌ಬಿಐ ಅದಕ್ಕೆ ಮೊದಲೇ ತಯಾರಿ ಮಾಡಿಕೊಂಡಿತ್ತು.

ಮೈನಸ್ ಗುರುತು

ಚಿಕ್ಕ ವಿಷಯ, ಆದರೆ ಅಂಕ ಕಳೆದುಕೊಳ್ಳಬೇಡಿ. 2023-24ರಲ್ಲಿ ಬಂಡವಾಳ ಖಾತೆಯಿಂದ ಸುಮಾರು 89 ಬಿಲಿಯನ್ ಬಂತು. ಚಾಲ್ತಿ ಖಾತೆಯ 25 ತುಂಬಿ, ಉಳಿದ ಸುಮಾರು 64 ಮೀಸಲಿಗೆ ಸೇರಿತು. ಕೋಷ್ಟಕದಲ್ಲಿ ಮಾತ್ರ ಇದು ಮೈನಸ್ 64 ಅಂತ ಇರುತ್ತದೆ. ಮೀಸಲು ಕರಗಿತು ಅಂತ ಓದಬೇಡಿ. ಆರ್‌ಬಿಐ ಡಾಲರ್ ‘ಕೊಂಡಿತು’, ಕೊಂಡದ್ದಕ್ಕೆ ಮೈನಸ್. ಈ ಮೈನಸ್ ಇರುವುದರಿಂದಲೇ ಎಲ್ಲಾ ಕೂಡಿದರೆ ಸೊನ್ನೆ ಬರುತ್ತದೆ.

ಅಭ್ಯಾಸಕ್ಕೆ ಒಂದು: ಚಿನ್ನ

ಮದುವೆಗೆ ಅಂತ ನಾವು ಕೊಳ್ಳುವ ಚಿನ್ನ ಬಹುತೇಕ ಆಮದು. ಅದು ಸರಕು, ಚಾಲ್ತಿ ಖಾತೆಯ ಖರ್ಚು. ಅದನ್ನು ತಡೆಯಲೆಂದೇ 2013ರಲ್ಲಿ ಆಮದು ಸುಂಕವನ್ನು ಶೇ 10ಕ್ಕೆ ಏರಿಸಿದ್ದು. 2024ರ ಜುಲೈ ಬಜೆಟ್‌ನಲ್ಲಿ ಶೇ 15ರಿಂದ 6ಕ್ಕೆ ಇಳಿಸಿದರು. ಈಗ ಪ್ರಶ್ನೆ: ಆರ್‌ಬಿಐ ತನ್ನ ಮೀಸಲಿಗೆ ಅಂತ ಹೊರದೇಶದ ಕೇಂದ್ರ ಬ್ಯಾಂಕಿನಿಂದ ಚಿನ್ನ ಕೊಂಡರೆ ಅದೂ ಆಮದಾ?

ನಾನು ‘ಹೌದು’ ಅಂತ ಬರೆದು ತಪ್ಪು ಮಾಡಿದೆ. ಅದು ಸರಕಿನ ಸಾಲಿಗೆ ಬರುವುದೇ ಇಲ್ಲ. ಮೀಸಲಿನ ಒಂದು ರೂಪ ಹೋಗಿ ಇನ್ನೊಂದು ರೂಪ ಬಂತು, ಅಷ್ಟೇ. ಡಾಲರ್ ಇದ್ದ ಪೆಟ್ಟಿಗೆಯಲ್ಲಿ ಈಗ ಚಿನ್ನ ಇದೆ. ಅದೇ ಗಟ್ಟಿಯನ್ನು ಒಬ್ಬ ಚಿನ್ನದ ವ್ಯಾಪಾರಿ ತರಿಸಿದರೆ ಚಾಲ್ತಿ ಖಾತೆ ಕೊರತೆ ಏರುತ್ತದೆ. ಆರ್‌ಬಿಐ ಹೀಗೆ ಕೊಂಡರೆ ಕೊರತೆ ಇದ್ದಲ್ಲೇ ಇರುತ್ತದೆ.