ಕಾರ್ಫ್ ಕೋಟೆಯನ್ನು ಕೆಡವಿದ್ದು ಕಾಲವಲ್ಲ

ಪಾಳುಬಿದ್ದ ಕೋಟೆ ಕಂಡೊಡನೆ ‘ಕಾಲನ ಹೊಡೆತ’ ಎಂದುಬಿಡುವುದು ನಮಗೆ ರೂಢಿ. ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಕಾರ್ಫ್ ಕೋಟೆಯ ಮಟ್ಟಿಗೆ ಈ ಮಾತು ಅನ್ಯಾಯ. ಅದನ್ನು ಕೆಡವಿದ್ದು 1646ರ ಸಂಸತ್ತಿನ ನಿರ್ಣಯ.

ಪರ್ಬೆಕ್ ಬೆಟ್ಟಸಾಲಿನ ಕಣಿವೆಬಾಯಲ್ಲಿ ನಿಂತ ಗುಡ್ಡದ ಮೇಲೆ 11ನೇ ಶತಮಾನದಲ್ಲಿ ಒಂದನೇ ವಿಲಿಯಂ ಕೋಟೆಗೆ ಅಡಿಪಾಯ ಹಾಕಿಸಿದ. ಒಂದನೇ ಹೆನ್ರಿಯ ಕಾಲಕ್ಕೆ ಸುಮಾರು 21 ಮೀಟರ್ ಎತ್ತರದ ಗೋಪುರ ಎದ್ದಿತು. ಜಾನ್ ದೊರೆ ತನ್ನ ಅಣ್ಣನ ಮಗಳು ಎಲಿನಾರ್‌ಳನ್ನು ಸೆರೆಯಿಟ್ಟದ್ದು ಇಲ್ಲಿಯೇ. ರಾಜನಿಗೂ ಸಂಸತ್ತಿಗೂ ಅಂತರ್ಯುದ್ಧ ಬಂದಾಗ ರಾಜನ ಪಕ್ಷದಲ್ಲಿದ್ದ ಕೋಟೆಯ ಒಡತಿ ಮೇರಿ ಬ್ಯಾಂಕ್ಸ್ ಸಂಸತ್ತಿನ ಪಡೆಯ 1643ರ ಮುತ್ತಿಗೆಯನ್ನು ಸಣ್ಣ ಪಡೆಯೊಂದಿಗೆ ತಡೆದು ನಿಂತಳು. 1646ರಲ್ಲಿ ಕೋಟೆ ಕೈತಪ್ಪಿದ್ದೂ ಒಳಗಿನವನೊಬ್ಬನ ದ್ರೋಹದಿಂದ, ಗೋಡೆ ಸೋಲಲಿಲ್ಲ.

ಏಕೆ ಸೋಲಲಿಲ್ಲ? ಉತ್ತರ ಗಾರೆಯಲ್ಲಿದೆ. ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿ ಅರಳಿಸಿ, ಮರಳು ಬೆರೆಸಿ ಕಲ್ಲುಗಳ ನಡುವೆ ತುಂಬಿದರೆ, ಕಳೆದುಕೊಂಡ ಅದೇ ಅನಿಲವನ್ನು ಗಾಳಿಯಿಂದ ಮರಳಿ ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ದಪ್ಪ ಗೋಡೆಯ ಒಡಲಿಗೆ ಈ ಕ್ರಿಯೆ ತಲುಪಲು ದಶಕಗಳೇ ಬೇಕು. ಅಂದರೆ ಕಾಲ ಗೋಡೆಯ ಪಕ್ಷದಲ್ಲಿಯೇ ಇತ್ತು! ನಮ್ಮಲ್ಲಿ ಹಳೆಯ ಗೋಡೆಯ ಗಟ್ಟಿತನದ ಕೀರ್ತಿಯೆಲ್ಲ ಬೆಲ್ಲಕ್ಕೆ, ಮೊಟ್ಟೆಯ ಬಿಳಿಗೆ ಹೋಗುತ್ತದೆ. ಅವು ಗಾರೆಯ ಗುಣವನ್ನು ಹೆಚ್ಚಿಸಬಲ್ಲವು, ನಿಜ. ಆದರೆ ಕಲ್ಲನ್ನು ಕಲ್ಲಿಗೆ ಬೆಸೆಯುವ ಮುಖ್ಯ ಕೆಲಸ ಸುಣ್ಣ ಮತ್ತು ಗಾಳಿಯದು.

ಇಂಥ ಗೋಡೆಗೂ ಒಂದು ದೌರ್ಬಲ್ಯವಿದೆ. ಒತ್ತಡವನ್ನು ಅದು ಎಷ್ಟಾದರೂ ತಾಳುತ್ತದೆ, ಸೆಳೆತವನ್ನು ತಾಳದು. ಸೀಮೆಸುಣ್ಣದ ಕಡ್ಡಿಯನ್ನು ಉದ್ದಕ್ಕೆ ಒತ್ತಿದರೆ ಜಗ್ಗುವುದಿಲ್ಲ, ಬಗ್ಗಿಸಿದರೆ ಹೊರಮೈ ಸೆಳೆತಕ್ಕೆ ಸಿಕ್ಕಿ ಲಟಕ್ಕನೆ ಮುರಿಯುತ್ತದೆ. ಕೆಡವಲು ಬಂದವರು ಮಾಡಿದ್ದೂ ಇದನ್ನೇ. ತಳಪಾಯದಡಿ ಮಣ್ಣು ತೋಡಿದರು, ಮದ್ದಿನಪುಡಿ ಸಿಡಿಸಿದರು. ಒಂದು ಬದಿಯ ಆಸರೆ ತಪ್ಪಿದೊಡನೆ ಗೋಡೆಯ ಭಾರವೇ ಗೋಡೆಯನ್ನು ಬಗ್ಗಿಸಿತು, ಸೀಳಿತು.

ನನ್ನನ್ನು ಬೆರಗಾಗಿಸುವುದು ಸೀಳಿದ ಮೇಲಿನ ಕಥೆ. ನೈಋತ್ಯದ ಹೆಬ್ಬಾಗಿಲು ಎರಡಾಗಿ, ಅದರ ಅರ್ಧ ಭಾಗ ಇಳಿಜಾರಿನಲ್ಲಿ ಕೆಳಕ್ಕೆ ಜಾರಿತು. ಆದರೂ ಪುಡಿಯಾಗಲಿಲ್ಲ, ಇಡೀ ತುಂಡಾಗಿ ಇಂದಿಗೂ ನಿಂತಿದೆ. ಸುತ್ತಲಿನ ಬುರುಜುಗಳೂ ವಾಲಿದ ಭಂಗಿಯಲ್ಲೇ ಉಳಿದಿವೆ. ಸಾವಿರಾರು ಬಿಡಿಗಲ್ಲುಗಳನ್ನು ಸುಣ್ಣ ಒಂದೇ ಬಂಡೆಯಾಗಿಸಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇನ್ನು ಕಾಣೆಯಾದ ಕಲ್ಲುಗಳನ್ನೂ ಕಾಲದ ಲೆಕ್ಕಕ್ಕೆ ಬರೆಯುವಂತಿಲ್ಲ. ಅವುಗಳಲ್ಲಿ ಎಷ್ಟನ್ನೋ ಗುಡ್ಡದ ಬುಡದ ಹಳ್ಳಿಯವರು ಹೊತ್ತೊಯ್ದು ತಮ್ಮ ಮನೆಗಳನ್ನು ಕಟ್ಟಿಕೊಂಡರು.